ಬಿದಿಗೆ ಚಂದ್ರನ ಚಿತ್ರ ತೆಗೆಯುವುದು: ಸೆಟ್ಟಿಂಗ್, ಜಾಗ, ಸಮಯ

ಹಂಚಿನಮನೆ

ತಿಪಟೂರಿನ ಹತ್ತಿರ ನಮ್ಮ ಊರು. ಮನೆಯ ಪಶ್ಚಿಮಕ್ಕೆ ತೋಟ, ತೋಟ ದಾಟಿದರೆ ಕೆರೆ ಏರಿ. ಶುಕ್ಲಪಕ್ಷ ಶುರುವಾದ ಸಂಜೆಗಳಲ್ಲಿ ಏರಿಯ ಮೇಲೆ ನಿಂತರೆ ತೆಂಗಿನ ಗರಿಗಳ ಸಂದಿಯಲ್ಲಿ ಚಂದ್ರನ ಗೆರೆ ಕಾಣುತ್ತದೆ. ಅದನ್ನು ಚಿತ್ರ ಮಾಡುವ ಆಸೆ. ಹಳೆಯ ಡಿಎಸ್‌ಎಲ್‌ಆರ್ ಇದೆ, 70-300 ಲೆನ್ಸ್ ಇದೆ, ಟ್ರೈಪಾಡ್ ತಕ್ಕಮಟ್ಟಿಗಿದೆ.

ಆಟೋ ಮೋಡ್‌ನಲ್ಲಿ ಕ್ಲಿಕ್ಕಿಸಿದರೆ ಆಕಾಶ ಬೂದು, ಚಂದ್ರ ಮಾತ್ರ ಊದಿಕೊಂಡ ಬಿಳಿ ಬಾಳೆಹಣ್ಣು. ಬೆಳಕು ಕಡಿಮೆ ಮಾಡಿದರೆ ಗೆರೆ ಸರಿಯಾಗುತ್ತದೆ, ಆದರೆ ಗೆರೆಯ ಒಳಗಿನ ಕತ್ತಲ ಭಾಗದಲ್ಲಿ ಕಣ್ಣಿಗೆ ಕಾಣುವ ಆ ಮಸುಕು ಬೆಳಕು ಮಾಯವಾಗುತ್ತದೆ. ಎರಡೂ ಒಟ್ಟಿಗೆ ಬರುವುದು ಸಾಧ್ಯವೇ? ಇನ್ನೊಂದು ಪ್ರಶ್ನೆ: ಯಾವ ಸಂಜೆ ಹೋದರೆ ಎಷ್ಟು ತೆಳುವಾದ ಚಂದ್ರ ಸಿಗುತ್ತಾನೆ ಎಂದು ಮೊದಲೇ ತಿಳಿಯುವ ಉಪಾಯವಿದೆಯೇ?

ಮೂರುಕಾಲು

ಒಳ್ಳೆಯ ಪ್ರಶ್ನೆ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಆಟೋ ಮೋಡ್ ಇಡೀ ಚೌಕಟ್ಟಿನ ಸರಾಸರಿ ಬೆಳಕನ್ನು ನೋಡಿ ಲೆಕ್ಕ ಹಾಕುತ್ತದೆ. ಚಂದ್ರ ಆ ಚೌಕಟ್ಟಿನಲ್ಲಿ ಎಷ್ಟು ಜಾಗ ಹಿಡಿಯುತ್ತಾನೆ ಎಂಬುದನ್ನು ತಿಳಿಯಲು ಒಂದು ಸುಲಭ ಸೂತ್ರವಿದೆ. ಲೆನ್ಸಿನ ಫೋಕಲ್ ಲೆಂತ್ ಅನ್ನು 110ರಿಂದ ಭಾಗಿಸಿದರೆ ಚಿತ್ರ ಮೂಡುವ ಸೆನ್ಸರ್ ಮೇಲೆ ಬೀಳುವ ಚಂದ್ರಬಿಂಬದ ಅಗಲ ಸಿಗುತ್ತದೆ. ನಿಮ್ಮ 300 ಮಿ.ಮೀ.ಗೆ ಅದು ಸುಮಾರು 2.7 ಮಿ.ಮೀ. ಸೆನ್ಸರ್ ಅಗಲ 22 ಮಿ.ಮೀ.ಗಿಂತ ಹೆಚ್ಚು. ಅದರಲ್ಲೂ ಬಿದಿಗೆಯಂದು ಬೆಳಗಿರುವುದು ಬಿಂಬದ ಅಂಚು ಮಾತ್ರ. ಕ್ಯಾಮೆರಾ ಕತ್ತಲ ಆಕಾಶವನ್ನು ಬೆಳಗಿಸಲು ಹೊರಡುತ್ತದೆ, ಚಂದ್ರ ಸುಟ್ಟುಹೋಗುತ್ತಾನೆ. ಹಾಗಾಗಿ ಮೊದಲ ಕೆಲಸ, ಡಯಲ್ ಅನ್ನು ಎಂ (ಮ್ಯಾನುವಲ್) ಮೇಲೆ ಇಡುವುದು.

ಹುಣ್ಣಿಮೆಗೆ ಹಳಬರು ಹೇಳುವ ಲೆಕ್ಕ: ಅಪರ್ಚರ್ (ಲೆನ್ಸಿನ ಬಾಯಿ) ಎಫ್/11, ಐಎಸ್‌ಒ (ಸೆನ್ಸರ್‌ನ ಸಂವೇದನೆ) 100, ಶಟರ್ 1/100 ಸೆಕೆಂಡ್. ನೆತ್ತಿಯ ಮೇಲಿನ ಬಿಸಿಲಲ್ಲಿ ಬಿದ್ದಿರುವ ಬಂಡೆಯನ್ನು ತೆಗೆಯುತ್ತಿದ್ದೇವೆ ಅಷ್ಟೇ. ಎಳೆಯ ಚಂದ್ರನಲ್ಲಿ ನಮಗೆ ಕಾಣುವ ಭಾಗಕ್ಕೆ ಬಿಸಿಲು ಓರೆಯಾಗಿ ಬೀಳುತ್ತದೆ, ಕುಳಿಗಳ ನೆರಳು ಉದ್ದ. ಆದ್ದರಿಂದ ಮೂರು ನಾಲ್ಕು ಸ್ಟಾಪ್ ಹೆಚ್ಚು ಬೆಳಕು ಬೇಕು, ಒಂದೊಂದು ಸ್ಟಾಪ್ ಎಂದರೆ ಬೆಳಕು ದುಪ್ಪಟ್ಟು. ದಿಗಂತದ ಹತ್ತಿರದ ಧೂಳು ಮತ್ತೊಂದು ಸ್ಟಾಪ್ ನುಂಗುತ್ತದೆ. ನಿಮ್ಮ ಲೆನ್ಸಿಗೆ ನಾನು ಹೇಳುವ ಆರಂಭದ ಅಂಕಿ: ಎಫ್/5.6, ಐಎಸ್‌ಒ 400, ಬಿದಿಗೆಗೆ 1/60, ತದಿಗೆಗೆ 1/125. ಅಲ್ಲಿಂದ ಹಿಂದೆ ಮುಂದೆ ಸರಿಸಿ. ಹಿಂಬದಿ ಪರದೆಯಲ್ಲಿ ಸುಟ್ಟ ಭಾಗ ಮಿನುಗುವ ಸೂಚನೆಯನ್ನು ಆನ್ ಮಾಡಿಕೊಳ್ಳಿ. ಗೆರೆಯ ಹೊರ ಅಂಚು ಸ್ವಲ್ಪ ಮಿನುಗಿದರೆ ಚಿಂತೆಯಿಲ್ಲ, ಇಡೀ ಗೆರೆ ಮಿನುಗಬಾರದು.

ಇನ್ನು ಆ ಮಸುಕು ಬೆಳಕು. ಅದು ನಮ್ಮದೇ ಬೆಳಕು. ಸೂರ್ಯನ ಬೆಳಕು ಭೂಮಿಯ ಮೋಡ, ಕಡಲುಗಳಿಂದ ಪ್ರತಿಫಲಿಸಿ ಚಂದ್ರನ ರಾತ್ರಿಯ ಮೇಲೆ ಬಿದ್ದು ನಮಗೆ ಮರಳಿ ಕಾಣುತ್ತದೆ. ಲಿಯೊನಾರ್ಡೊ ಡಾ ವಿಂಚಿ ಹದಿನಾರನೆಯ ಶತಮಾನದ ಮೊದಲ ದಶಕದಲ್ಲೇ ತನ್ನ ಟಿಪ್ಪಣಿಗಳಲ್ಲಿ ಇದನ್ನು ವಿವರಿಸಿದ್ದ. ನಮಗೆ ಚಂದ್ರ ಗೆರೆಯಾಗಿರುವಾಗ ಚಂದ್ರನ ಮೇಲೆ ನಿಂತವನಿಗೆ ಭೂಮಿ ಹೆಚ್ಚುಕಡಿಮೆ ಹುಣ್ಣಿಮೆಯಂತೆ ತುಂಬಿರುತ್ತದೆ. ಇಲ್ಲಿ ಚಂದ್ರ ಬೆಳೆದಂತೆ ಅಲ್ಲಿ ಭೂಮಿ ಕ್ಷೀಣಿಸುತ್ತದೆ. ಅದಕ್ಕೇ ಅಷ್ಟಮಿಯ ಹೊತ್ತಿಗೆ ಈ ಮಸುಕು ಬೆಳಕು ಕಣ್ಣಿಗೆ ಸಿಗುವುದಿಲ್ಲ.

ಈ ಬೆಳಕಿಗೆ ಎಫ್/5.6, ಐಎಸ್‌ಒ 800ರಲ್ಲಿ ಸುಮಾರು 2 ಸೆಕೆಂಡ್ ಬೇಕು. ಗೆರೆಗೆ ಹೇಳಿದ ಅಂಕಿಯ ಜೊತೆ ಹೋಲಿಸಿ ನೋಡಿ, ಅಂತರ ಸುಮಾರು 8 ಸ್ಟಾಪ್. ಒಂದೇ ಕ್ಲಿಕ್ಕಿನಲ್ಲಿ ಎರಡನ್ನೂ ನುಣುಪಾಗಿ ತರುವುದು ಕಷ್ಟ. ಇವತ್ತು ಯಾವ ಬೆಳಕಿಗೆ ಬಂದಿದ್ದೇನೆ ಎಂದು ಮನೆಯಲ್ಲೇ ನಿರ್ಧರಿಸಿ ಹೊರಡಿ.

ಹಂಚಿನಮನೆ

ಧನ್ಯವಾದ ಸರ್. 2 ಸೆಕೆಂಡ್ ಇಟ್ಟರೆ ಚಂದ್ರನ ಅಂಚು ಮೆತ್ತಗಾಗುತ್ತದೆ. ಟ್ರೈಪಾಡ್ ಅಲುಗಾಟವೇ?

ಮೂರುಕಾಲು

ಟ್ರೈಪಾಡ್ ಮೇಲೆ ಅಪವಾದ ಬೇಡ, ಭೂಮಿ ತಿರುಗುತ್ತಿದೆ. ಆಕಾಶ ಸೆಕೆಂಡಿಗೆ ಸುಮಾರು 15 ಆರ್ಕ್‌ಸೆಕೆಂಡ್ ಜಾರುತ್ತದೆ (3600 ಆರ್ಕ್‌ಸೆಕೆಂಡಿಗೆ ಒಂದು ಡಿಗ್ರಿ). ನಿಮ್ಮ ಸೆನ್ಸರ್‌ನಲ್ಲಿ ಒಂದು ಪಿಕ್ಸೆಲ್ ಸುಮಾರು 4 ಮೈಕ್ರಾನ್ ಎಂದುಕೊಂಡರೆ, 300 ಮಿ.ಮೀ.ನಲ್ಲಿ ಒಂದು ಪಿಕ್ಸೆಲ್ ಹಿಡಿಯುವುದು 2.75 ಆರ್ಕ್‌ಸೆಕೆಂಡ್. ಅಂದರೆ ಒಂದು ಸೆಕೆಂಡಿಗೆ ಚಂದ್ರ ಐದಾರು ಪಿಕ್ಸೆಲ್ ಸರಿಯುತ್ತಾನೆ, ಎರಡು ಸೆಕೆಂಡಿಗೆ ಹನ್ನೊಂದು. ಅಂಚು ಮೆತ್ತಗಾಗದೆ ಇನ್ನೇನಾದೀತು?

ದಾರಿ ಎರಡು. ಐಎಸ್‌ಒ 3200ಕ್ಕೆ ಏರಿಸಿ ಶಟರ್ ಅನ್ನು ಅರ್ಧ ಸೆಕೆಂಡಿಗೆ ಇಳಿಸಿ. ಕಾಳು ಕಾಳಾಗಿ ಬಂದರೂ ಅಂಚು ಉಳಿಯುತ್ತದೆ. ಇಲ್ಲವೇ ಉದ್ದ ಲೆನ್ಸ್ ಬಿಟ್ಟು 50 ಅಥವಾ 85 ಮಿ.ಮೀ.ನ ಅಗಲ ಬಾಯಿಯ ಲೆನ್ಸ್ ಹಾಕಿ. ಎಫ್/2ರಲ್ಲಿ ಎಫ್/5.6ರ ಎಂಟು ಪಟ್ಟು ಬೆಳಕು ಬರುತ್ತದೆ. ಚಂದ್ರ ಚಿಕ್ಕವನಾಗುತ್ತಾನೆ, ಆದರೆ ನಿಮ್ಮ ಕೆರೆ, ತೋಟ ಎಲ್ಲವೂ ಚೌಕಟ್ಟಿಗೆ ಬರುತ್ತದೆ. ನನ್ನನ್ನು ಕೇಳಿದರೆ ನಿಮ್ಮ ಜಾಗಕ್ಕೆ ಎರಡನೆಯದೇ ಸರಿ. ಗರಿಗಳ ಹಿಂದೆ ಮಸುಕಾದ ತುಂಬು ಬಿಂಬ, ಅದರ ಕೆಳಗೊಂದು ಬೆಳ್ಳಿಯ ಅಂಚು. ದೊಡ್ಡ ಚಂದ್ರನ ಹುಚ್ಚು ಎಲ್ಲರಿಗೂ ಇರುತ್ತದೆ, ಆದರೆ ಬಿದಿಗೆಯ ಸೊಬಗು ಅವನ ಗಾತ್ರದಲ್ಲಿಲ್ಲ.

ಟ್ರೈಪಾಡ್‌ಗೆ ಸಂಬಂಧಿಸಿದ್ದನ್ನೂ ಹೇಳಿಬಿಡುತ್ತೇನೆ. ಸೆಲ್ಫ್ ಟೈಮರ್ 2 ಸೆಕೆಂಡ್ ಇಡಿ. ಲೆನ್ಸಿನ ಸ್ಟೆಬಿಲೈಸರ್ ಆಫ್ ಮಾಡಿ. ಡಿಎಸ್‌ಎಲ್‌ಆರ್ ಆದ್ದರಿಂದ ಲೈವ್ ವ್ಯೂನಲ್ಲೇ (ಹಿಂಬದಿ ಪರದೆಯಲ್ಲಿ ನೋಡುತ್ತಾ) ತೆಗೆಯಿರಿ, ಕನ್ನಡಿ ಬಡಿಯುವ ಕಂಪನ ತಪ್ಪುತ್ತದೆ. ನಡುವಿನ ಕಂಬವನ್ನು ಎತ್ತರಿಸಬೇಡಿ. ಕೆರೆ ಏರಿಯ ಮೇಲೆ ಗಾಳಿ ಹೆಚ್ಚು, ಬ್ಯಾಗನ್ನು ಕಂಬಕ್ಕೆ ನೇತುಹಾಕಿ, ಅದು ನೆಲಕ್ಕೆ ತಾಗುವಂತಿರಲಿ. ಫೋಕಸ್‌ಗೆ ಶುಕ್ರ ಗ್ರಹವಿದ್ದರೆ ಅದನ್ನು ಹಿಡಿಯಿರಿ, ಇಲ್ಲದಿದ್ದರೆ ದೂರದ ಬೀದಿದೀಪ. ಲೈವ್ ವ್ಯೂನಲ್ಲಿ ಹತ್ತು ಪಟ್ಟು ಹಿಗ್ಗಿಸಿ ಕೈಯಿಂದಲೇ ಫೋಕಸ್ ಮಾಡಿ, ಆಮೇಲೆ ಆ ಉಂಗುರ ಮುಟ್ಟಬೇಡಿ.

ತಿಥಿವಾರ

ಎರಡನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಇದು ನನ್ನ ಇಷ್ಟದ ವಿಷಯ. ಗೋಡೆಗೆ ನೇತುಹಾಕಿದ ಕ್ಯಾಲೆಂಡರ್ ತೆಗೆಯಿರಿ. ನಿಮಗೆ ಬೇಕಾದ ಅಂಕಿ ಅದರಲ್ಲೇ ಇದೆ.

ತಿಥಿ ಎಂದರೆ ಸೂರ್ಯ ಚಂದ್ರರ ನಡುವಿನ ಕೋನದ ಅಳತೆ. ಅಮಾವಾಸ್ಯೆ ಮುಗಿಯುವ ಕ್ಷಣದಲ್ಲಿ ಇಬ್ಬರ ರೇಖಾಂಶ ಒಂದೇ, ಅಂತರ ಸೊನ್ನೆ. ಅಲ್ಲಿಂದ ಪ್ರತಿ 12 ಡಿಗ್ರಿಗೆ ಒಂದು ತಿಥಿ. ಪಾಡ್ಯ ಮುಗಿಯುವಾಗ 12 ಡಿಗ್ರಿ, ಬಿದಿಗೆ ಮುಗಿಯುವಾಗ 24, ತದಿಗೆಗೆ 36, ಚೌತಿಗೆ 48. ಕೋನ ಗೊತ್ತಾದರೆ ಚಂದ್ರ ಎಷ್ಟು ತುಂಬಿದ್ದಾನೆ ಎಂಬುದೂ ಗೊತ್ತಾದಂತೆ. 12 ಡಿಗ್ರಿಯಲ್ಲಿ ಬಿಂಬದ ಶೇ 1.1 ಮಾತ್ರ ಬೆಳಗಿರುತ್ತದೆ, 24ರಲ್ಲಿ ಶೇ 4.3, 36ರಲ್ಲಿ ಶೇ 9.5. ನಿಮ್ಮ 300 ಮಿ.ಮೀ. ಲೆನ್ಸಿನ ಭಾಷೆಯಲ್ಲಿ ಹೇಳುವುದಾದರೆ, ಪಾಡ್ಯ ಮುಗಿಯುವ ಹೊತ್ತಿನ ಗೆರೆಯ ದಪ್ಪ ಸುಮಾರು ಏಳು ಪಿಕ್ಸೆಲ್, ಬಿದಿಗೆ ಮುಗಿಯುವಾಗ ಮೂವತ್ತರ ಹತ್ತಿರ.

ಉದಾಹರಣೆ ಕೊಡುತ್ತೇನೆ. 2024ರ ಯುಗಾದಿ ಏಪ್ರಿಲ್ 9. ಹಿಂದಿನ ರಾತ್ರಿ 11.50ರ ಸುಮಾರಿಗೆ ಅಮಾವಾಸ್ಯೆ ಮುಗಿದಿತ್ತು. ಅಮೆರಿಕದಲ್ಲಿ ಖಗ್ರಾಸ ಸೂರ್ಯಗ್ರಹಣ ಕಂಡದ್ದು ಇದೇ ಅಮಾವಾಸ್ಯೆಯಂದು. ಯುಗಾದಿಯ ಸೂರ್ಯಾಸ್ತಕ್ಕೆ ಚಂದ್ರನ ವಯಸ್ಸು 19 ಗಂಟೆಗೂ ಕಡಿಮೆ. ಪಾಡ್ಯ ರಾತ್ರಿ 8.30ರವರೆಗೆ ಇತ್ತು, ಎಂದರೆ ಸಂಜೆ ಕೋನ 12 ಡಿಗ್ರಿ ಮುಟ್ಟಿರಲಿಲ್ಲ. ಮರುವರ್ಷ, 2025ರ ಯುಗಾದಿ ಮಾರ್ಚ್ 30. ಅಮಾವಾಸ್ಯೆ ಮುಗಿದದ್ದು ಹಿಂದಿನ ದಿನ ಸಂಜೆ ನಾಲ್ಕೂವರೆಗೆ. ಪಾಡ್ಯ ಯುಗಾದಿಯ ಮಧ್ಯಾಹ್ನ 12.50ರೊಳಗೆ ಮುಗಿದಿತ್ತು. ಸಂಜೆಗೆ ಚಂದ್ರನಿಗೆ 26 ಗಂಟೆ, ಕೋನ ಸುಮಾರು 15 ಡಿಗ್ರಿ. ಮೊದಲನೆಯದು ಪಳಗಿದ ಕಣ್ಣಿಗೂ ಪರೀಕ್ಷೆ. ಎರಡನೆಯದನ್ನು ಬೇವು ಬೆಲ್ಲ ತಿಂದ ಮಕ್ಕಳೂ ತೋರಿಸಬಲ್ಲರು. ಹಬ್ಬ ಒಂದೇ, ಚಂದ್ರ ಬೇರೆ. ಹಳೇ ಮೈಸೂರು ಕಡೆ ಯುಗಾದಿಯ ಚಂದ್ರದರ್ಶನಕ್ಕೆ ಕೆಲವು ವರ್ಷ ಹಬ್ಬದ ದಿನವೇ, ಕೆಲವು ವರ್ಷ ಮರುದಿನ ಜನ ಪಶ್ಚಿಮಕ್ಕೆ ತಿರುಗುವುದು ಇದಕ್ಕೇ.

ನೇರಮಾತು

ಮೊಬೈಲಿನಲ್ಲಿ ಆಕಾಶದ ನಕ್ಷೆ ತೋರಿಸುವ ಸ್ಟೆಲೇರಿಯಂ ಆ್ಯಪ್ ಉಚಿತವಾಗಿ ಸಿಗುವ ಕಾಲದಲ್ಲಿ ಪಂಚಾಂಗ ಏಕೆ? ಎರಡು ಪಂಚಾಂಗ ತೆಗೆದರೆ ಎರಡು ಹೊತ್ತು ಬರೆದಿರುತ್ತಾರೆ.

ತಿಥಿವಾರ

ಎರಡನೆಯ ಮಾತು ನಿಜ. ಹಳೆಯ ಸಿದ್ಧಾಂತಗಳ ಸೂತ್ರ ಹಿಡಿದು ಮಾಡುವ ಪಂಚಾಂಗಕ್ಕೂ ಆಕಾಶದಲ್ಲಿ ಕಾಣುವ ಸ್ಥಾನಕ್ಕೆ ಹೊಂದಿಸಿದ ದೃಗ್ಗಣಿತದ ಪಂಚಾಂಗಕ್ಕೂ ತಿಥಿ ಮುಗಿಯುವ ಹೊತ್ತಿನಲ್ಲಿ ಗಂಟೆಗಟ್ಟಲೆ ವ್ಯತ್ಯಾಸ ಬರುವುದುಂಟು. ಚಿತ್ರಕ್ಕೆ ದೃಗ್ಗಣಿತವನ್ನೇ ಹಿಡಿಯಬೇಕು. ಹೊತ್ತನ್ನು ಘಟಿಯಲ್ಲಿ ಕೊಟ್ಟಿದ್ದರೆ ಸೂರ್ಯೋದಯದಿಂದ ಎಣಿಸಿ, ಒಂದು ಘಟಿಗೆ 24 ನಿಮಿಷ.

ಮೊದಲನೆಯ ಮಾತಿಗೆ: ಸ್ಟೆಲೇರಿಯಂ ನಾನೂ ಬಳಸುತ್ತೇನೆ. ಚಂದ್ರ ಯಾವ ದಿಕ್ಕಿನಲ್ಲಿ, ಎಷ್ಟು ಎತ್ತರದಲ್ಲಿ, ಎಷ್ಟು ಹೊತ್ತಿಗೆ ಮುಳುಗುತ್ತಾನೆ ಎಂಬುದನ್ನು ಅದರಷ್ಟು ಚೆನ್ನಾಗಿ ಪಂಚಾಂಗ ಹೇಳುವುದಿಲ್ಲ. ಆದರೆ ಮುಂದಿನ ಇಡೀ ವರ್ಷದಲ್ಲಿ ಯಾವ ಯಾವ ಸಂಜೆಗೆ ರಜೆ ಹಾಕಬೇಕು ಎಂದು ಒಂದು ನೋಟದಲ್ಲಿ ತಿಳಿಯಲು ಕ್ಯಾಲೆಂಡರೇ ವಾಸಿ. ಸೂರ್ಯಸಿದ್ಧಾಂತದಲ್ಲಿ ಶೃಂಗೋನ್ನತಿ ಎಂಬ ಅಧ್ಯಾಯವೇ ಇದೆ, ಚಂದ್ರನ ಯಾವ ಕೋಡು ಎಷ್ಟು ಎತ್ತರದಲ್ಲಿರುತ್ತದೆ ಎಂಬ ಲೆಕ್ಕಕ್ಕೆ. ಬೃಹತ್ಸಂಹಿತೆಯಲ್ಲಿ ವರಾಹಮಿಹಿರ ದೋಣಿಯಂತೆ ಮಲಗಿದ ಚಂದ್ರ, ನೇಗಿಲಿನಂತೆ ವಾಲಿದ ಚಂದ್ರ ಎಂದು ಬಗೆ ಬಗೆಯಾಗಿ ವಿಂಗಡಿಸುತ್ತಾನೆ. ಅವನು ಹೇಳುವ ಫಲಗಳನ್ನು ನಂಬುವುದು ಬಿಡುವುದು ನಿಮಗೆ ಸೇರಿದ್ದು. ನೋಡಿದ ಕಣ್ಣು ಮಾತ್ರ ಚುರುಕು.

ಎಡಿನ್‌ಬರೋದಿಂದ

ದೋಣಿಯ ಮಾತು ಬಂದದ್ದಕ್ಕೆ ಬರೆಯುತ್ತಿದ್ದೇನೆ. ನಾನು ಶಿವಮೊಗ್ಗದವಳು, ಈಗಿರುವುದು 56 ಡಿಗ್ರಿ ಉತ್ತರದಲ್ಲಿ. ಇಲ್ಲಿ ಸೆಪ್ಟೆಂಬರಿನ ಸಂಜೆ ಎಳೆಯ ಚಂದ್ರನನ್ನು ಹುಡುಕುವುದು ವ್ಯರ್ಥ ಪ್ರಯತ್ನ. ಕ್ರಾಂತಿವೃತ್ತ, ಅಂದರೆ ಆಕಾಶದಲ್ಲಿ ಸೂರ್ಯನ ವಾರ್ಷಿಕ ದಾರಿ, ದಿಗಂತಕ್ಕೆ ಹತ್ತು ಹನ್ನೆರಡು ಡಿಗ್ರಿಯಷ್ಟೇ ಓರೆಯಾಗಿರುತ್ತದೆ, ಚಂದ್ರ ಸೂರ್ಯನ ಪಕ್ಕಕ್ಕೆ ಸರಿಯುತ್ತಾನೆಯೇ ಹೊರತು ಮೇಲೇರುವುದಿಲ್ಲ. ಆದ್ದರಿಂದ ಇಲ್ಲಿನವರಿಗೆ ಸಂಜೆಯ ಚಂದ್ರ ಎಂದರೆ ವಸಂತಕಾಲ. ಆಗಲೂ ಗೆರೆ ಬಲಕ್ಕೆ ವಾಲಿಕೊಂಡೇ ನಿಂತಿರುತ್ತದೆ. ಅಮ್ಮ ಶಿವಮೊಗ್ಗದಿಂದ ಅದೇ ದಿನದ ಚಿತ್ರ ಕಳುಹಿಸಿದರೆ ಅಲ್ಲಿ ಎರಡೂ ಕೋಡು ಸಮನಾಗಿ ಮೇಲೆದ್ದ ದೋಣಿ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಅಕ್ಷಾಂಶದ ಪಾಠ ಬೇರೆ ಬೇಡ.

ಮೂರುಕಾಲು

ನಮ್ಮ 13ರಿಂದ 17 ಡಿಗ್ರಿ ಅಕ್ಷಾಂಶದ ಭಾಗ್ಯ ಅದು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಸಂಜೆ ಚಂದ್ರ ಸೂರ್ಯನ ನೆತ್ತಿಯ ಮೇಲೆಯೇ ನಿಲ್ಲುತ್ತಾನೆ, ಕೋನ 12 ಇದ್ದರೆ ಎತ್ತರವೂ ಹೆಚ್ಚುಕಡಿಮೆ ಅಷ್ಟೇ. ಸೆಪ್ಟೆಂಬರಿನಲ್ಲಿ ಎಡಕ್ಕೆ, ಅಂದರೆ ದಕ್ಷಿಣಕ್ಕೆ ಸರಿದು ಕೆಳಗಿರುತ್ತಾನೆ. ಭಾಗ್ಯದ ಜೊತೆ ಒಂದು ಕಷ್ಟವೂ ಉಂಟು, ನಮ್ಮಲ್ಲಿ ಮುಸ್ಸಂಜೆ ಗಿಡ್ಡ. ಸೂರ್ಯ ಮುಳುಗಿ ಇಪ್ಪತ್ತು ನಿಮಿಷವಾಗುವ ಹೊತ್ತಿಗೆ ಆಕಾಶ ಕಡುನೀಲಿಗೆ ತಿರುಗುತ್ತದೆ, ಮುಕ್ಕಾಲು ಗಂಟೆಗೆ ಹೆಚ್ಚುಕಡಿಮೆ ಕಪ್ಪು. 12 ಡಿಗ್ರಿಯ ಚಂದ್ರ 50 ನಿಮಿಷದೊಳಗೆ ಮುಳುಗಿಯೇ ಬಿಡುತ್ತಾನೆ. ಮಸುಕು ಬೆಳಕಿಗೂ ಆಕಾಶದ ನೀಲಿಗೂ ಹದ ಕೂಡಿಬರುವುದು ಸೂರ್ಯಾಸ್ತದ ನಂತರದ 30ರಿಂದ 40ನೆಯ ನಿಮಿಷದ ನಡುವೆ. ಆ ಹತ್ತು ನಿಮಿಷಕ್ಕೆ ಎಲ್ಲ ಸಿದ್ಧವಾಗಿರಬೇಕು.

ಜೇಬುಕ್ಯಾಮೆರಾ

ನನ್ನ ಬಳಿ ಕ್ಯಾಮೆರಾ ಇಲ್ಲ, ಫೋನ್ ಅಷ್ಟೇ. ನಮ್ಮಂಥವರು ಈ ಚರ್ಚೆಯಿಂದ ಎದ್ದು ಹೋಗಬೇಕೇ?

ಮೂರುಕಾಲು

ಕುಳಿತುಕೊಳ್ಳಿ. ಫೋನಿನ ಮುಖ್ಯ ಲೆನ್ಸಿನ ಫೋಕಲ್ ಲೆಂತ್ ಐದಾರು ಮಿ.ಮೀ. ಮೇಲಿನ ಸೂತ್ರದಲ್ಲಿ ಭಾಗಿಸಿದರೆ ಚಂದ್ರನ ಬಿಂಬ ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗ, ಹೆಚ್ಚೆಂದರೆ ಐವತ್ತು ಪಿಕ್ಸೆಲ್. ಆದ್ದರಿಂದ ಹಿಗ್ಗಿಸಲು ಹೋಗಬೇಡಿ, ಚಂದ್ರ ಚಿಕ್ಕದಾಗಿಯೇ ಇರಲಿ. ದೇವಸ್ಥಾನದ ಗೋಪುರ, ನೀರಿನ ಟ್ಯಾಂಕು, ಒಂಟಿ ಜಾಲಿಮರ, ಯಾವುದಾದರೂ ಕಪ್ಪು ಆಕೃತಿ ಮುಂದಿರಲಿ. ನೈಟ್ ಮೋಡ್ ಆಫ್ ಮಾಡಿ, ಚಂದ್ರನ ಮೇಲೆ ಬೆರಳು ಒತ್ತಿ ಹಿಡಿದು ಬೆಳಕಿನ ಗುರುತನ್ನು ಕೆಳಗೆಳೆಯಿರಿ. ಫೋನನ್ನು ಯಾವುದಾದರೂ ಗೋಡೆಗೆ ಒರಗಿಸಿ ಟೈಮರ್ ಹಾಕಿ.

ಮನೆಯಲ್ಲಿ ಬೈನಾಕ್ಯುಲರ್ ಇದ್ದರೆ ಅದನ್ನು ಟ್ರೈಪಾಡಿಗೆ ಕಟ್ಟಿ, ಕಣ್ಣಿಡುವ ಕಡೆ ಫೋನಿನ ಲೆನ್ಸ್ ಹಿಡಿಯಿರಿ. ತದಿಗೆಯ ದಿನ ಮೇರ್ ಕ್ರಿಸಿಯಂ ಎಂಬ ದುಂಡನೆಯ ಕಪ್ಪು ಬಯಲು ಸ್ಪಷ್ಟವಾಗಿ ಬರುತ್ತದೆ. ಸುಮಾರು 550 ಕಿ.ಮೀ. ಅಗಲದ್ದು. ಉದ್ದ ಲೆನ್ಸ್ ಇದ್ದವರು ಅದೇ ಸಂಜೆ ದಕ್ಷಿಣದ ಕಡೆ ಲಾಂಗ್ರೆನಸ್, ಪೆಟಾವಿಯಸ್ ಕುಳಿಗಳನ್ನು ಹುಡುಕಬಹುದು.

ನೇರಮಾತು

ಫೋನಿನ ವಿಷಯದಲ್ಲಿ ಒಂದು ಎಚ್ಚರಿಕೆ ಸೇರಿಸಿ. ಈಗಿನ ಕೆಲವು ಫೋನುಗಳು ಚೌಕಟ್ಟಿನಲ್ಲಿ ಚಂದ್ರ ಕಂಡ ತಕ್ಷಣ ತಾವೇ ವಿವರ ತುಂಬುತ್ತವೆ. ಮಸುಕಾದ ಬಿಂಬಕ್ಕೆ ಕುಳಿ, ಕಲೆ ಎಲ್ಲ ಮೂಡುತ್ತವೆ. ಅದು ತೆಗೆದ ಚಿತ್ರವೋ ಬರೆದ ಚಿತ್ರವೋ?

ಮಾತು ಬಂದಾಗ ಇದನ್ನೂ ಹೇಳುತ್ತೇನೆ. ಎರಡು ಎಕ್ಸ್‌ಪೋಷರ್ ಬೆರೆಸುವುದೂ ನನ್ನ ದೃಷ್ಟಿಯಲ್ಲಿ ಮೋಸವೇ.

ಮೂರುಕಾಲು

ಮೊದಲನೆಯದಕ್ಕೆ ಒಪ್ಪಿಗೆ. ಸೀನ್ ಆಪ್ಟಿಮೈಸರ್ ಎಂಬ ಹೆಸರಿನಲ್ಲೋ ಬೇರೆ ಹೆಸರಿನಲ್ಲೋ ಇರುವ ಆ ಸೌಲಭ್ಯವನ್ನು ಆಫ್ ಮಾಡಿ ತೆಗೆಯುವುದು ಒಳ್ಳೆಯದು.

ಎರಡನೆಯದಕ್ಕೆ ಇಲ್ಲ. ಅದೇ ಟ್ರೈಪಾಡ್, ಅದೇ ಲೆನ್ಸ್, ಅದೇ ನಿಮಿಷ. ಒಂದು ಕ್ಲಿಕ್ ಗೆರೆಗೆ, ಇನ್ನೊಂದು ಮಸುಕು ಬೆಳಕಿಗೆ. ಕಣ್ಣು ಎರಡನ್ನೂ ಒಟ್ಟಿಗೆ ನೋಡುತ್ತದೆ, ಸೆನ್ಸರ್‌ಗೆ ಆ ಶಕ್ತಿಯಿಲ್ಲ. ಬೆರೆಸಿದ್ದೇನೆ ಎಂದು ಚಿತ್ರದ ಕೆಳಗೆ ಒಂದು ಸಾಲು ಬರೆದರೆ ಸಾಕು. 24 ಮಿ.ಮೀ.ನಲ್ಲಿ ತೆಗೆದ ಗೋಪುರದ ಮೇಲೆ 600 ಮಿ.ಮೀ.ನ ಚಂದ್ರನನ್ನು ಅಂಟಿಸುವುದು ಬೇರೆ ಕಸುಬು, ಅದನ್ನು ಸಮರ್ಥಿಸುವುದಿಲ್ಲ.

ಅಂಟಿಸಿದ ಚಂದ್ರನನ್ನು ಪತ್ತೆಹಚ್ಚುವುದು ಕಷ್ಟವಲ್ಲ. ಎರಡು ಕೋಡುಗಳ ನಡುವೆ, ಬಿಂಬದ ಒಳಗೇ ನಕ್ಷತ್ರ ಹೊಳೆಯುತ್ತಿದ್ದರೆ ಸುಳ್ಳು. ಅಲ್ಲಿರುವುದು ಖಾಲಿ ಜಾಗವಲ್ಲ, ಚಂದ್ರನ ಕತ್ತಲ ಮೈ. ಧ್ವಜಗಳ ಮೇಲೆ ಅದು ಚೆನ್ನ, ಆಕಾಶದಲ್ಲಿ ಅಸಾಧ್ಯ. ಸಂಜೆಯ ಕೆಂಪು ದಿಗಂತದ ಮೇಲೆ ಕೋಡುಗಳು ಕೆಳಮುಖವಾಗಿದ್ದರೂ ಸುಳ್ಳು. ಬೆಳಗಿದ ಬದಿ ಯಾವಾಗಲೂ ಸೂರ್ಯ ಮುಳುಗಿದ ಕಡೆಗೇ ತಿರುಗಿರಬೇಕು.

ನೇರಮಾತು

ಒಂದು ಸಾಲು ಬರೆಯುವವರು ನೂರಕ್ಕೆ ಎಷ್ಟು ಜನ ಎಂದು ನನಗೂ ಗೊತ್ತು, ನಿಮಗೂ ಗೊತ್ತು. ಇರಲಿ.

ಎರೆಹೊಲ

ವಿಜಯಪುರದಿಂದ. ಅಂಟಿಸದೆಯೇ ದೊಡ್ಡ ಚಂದ್ರ ಬೇಕೆನ್ನುವವರು ನಮ್ಮ ಕಡೆ ಬನ್ನಿ. ಕಟ್ಟಡ ಚಂದ್ರನಷ್ಟೇ ಅಗಲ ಕಾಣಬೇಕಾದರೆ ಅದರ ಅಗಲದ 110 ಪಟ್ಟು ದೂರ ಹೋಗಬೇಕು. ಗೋಲ ಗುಮ್ಮಟದ ಗುಮ್ಮಟದ ಹೊರ ವ್ಯಾಸ ಸುಮಾರು 44 ಮೀಟರ್. ಗುಣಿಸಿ ನೋಡಿ, 5 ಕಿ.ಮೀ. ಹತ್ತಿರ. ಅದು ಊರಿನ ಪೂರ್ವದ ಅಂಚಿನಲ್ಲಿರುವುದು ನಮ್ಮ ಪುಣ್ಯ. ಪೂರ್ವಕ್ಕೆ ಸರಿದರೆ ಹೊಲ ತೆರೆದುಕೊಳ್ಳುತ್ತದೆ, ನೆಲ ಸಪಾಟು. ಮಾರ್ಚ್ ಕೊನೆಯಲ್ಲಿ ಎಳೆಯ ಚಂದ್ರ ಪಶ್ಚಿಮಕ್ಕಿಂತ ತುಸು ಉತ್ತರಕ್ಕೆ ಮುಳುಗುವುದರಿಂದ ಪೂರ್ವಕ್ಕಿಂತ ತುಸು ದಕ್ಷಿಣಕ್ಕೆ ಸರಿದು ನಿಲ್ಲಬೇಕು. ಡಿಸೆಂಬರಿನಲ್ಲಿ ಚಂದ್ರ ನೈಋತ್ಯದ ಕಡೆ ಮುಳುಗುವುದರಿಂದ ಈಶಾನ್ಯದ ಕಡೆ ಸರಿಯಬೇಕು. ಹಿಂಗಾರಿ ಜೋಳ ಎದೆಮಟ್ಟಕ್ಕೆ ಬಂದಿರುವ ಕಾಲ ಅದು, ಟ್ರೈಪಾಡ್ ಎತ್ತರದ್ದೇ ಇರಲಿ. ಹೊಲದ ಯಜಮಾನರನ್ನು ಮೊದಲು ಕೇಳಿ. ಕೇಳಿದರೆ ಯಾರೂ ಬೇಡ ಎನ್ನುವುದಿಲ್ಲ, ಜೊತೆಗೆ ಚಹಾ ಕೂಡ ಬರುತ್ತದೆ.

ಒಂದು ತೊಡಕಿದೆ. 5 ಕಿ.ಮೀ. ದೂರದಿಂದ ಗುಮ್ಮಟದ ತುದಿ ದಿಗಂತದಿಂದ ಒಂದು ಡಿಗ್ರಿಯೂ ಮೇಲಿರುವುದಿಲ್ಲ. ಅಷ್ಟು ಕೆಳಗೆ ಪಾಡ್ಯದ ಗೆರೆ, ಬಿದಿಗೆಯ ಗೆರೆ ಧೂಳಿನಲ್ಲೇ ಕರಗಿಹೋಗುತ್ತದೆ. ತದಿಗೆ ಅಥವಾ ಚೌತಿಯ ಚಂದ್ರನಿಗೇ ಕಾಯಬೇಕು. ಆಗ ಆಕಾಶ ಪೂರ್ತಿ ಕಪ್ಪಾಗಿರುತ್ತದೆ, ಚಂದ್ರ ಕಾಯಿಸಿದ ತಾಮ್ರದ ಬಣ್ಣಕ್ಕೆ ತಿರುಗಿ ಸ್ವಲ್ಪ ಚಪ್ಪಟೆಯಾಗಿ ಇಳಿಯುತ್ತಾನೆ. ಗುಮ್ಮಟಕ್ಕೆ ದೀಪ ಹಾಕಿದ್ದರೆ ಚಿತ್ರ ಗೆದ್ದಂತೆ.

ತಿಥಿವಾರ

ಚಪ್ಪಟೆಯಾಗುವುದು ವಾತಾವರಣದ ವಕ್ರೀಭವನದಿಂದ. ದಿಗಂತದಲ್ಲಿ ಅದು ಬಿಂಬವನ್ನು ಅರ್ಧ ಡಿಗ್ರಿಗಿಂತ ತುಸು ಹೆಚ್ಚೇ ಮೇಲೆತ್ತಿ ತೋರಿಸುತ್ತದೆ, ಕೆಳ ಅಂಚನ್ನು ಮೇಲಿನದಕ್ಕಿಂತ ಹೆಚ್ಚು. ಜೊತೆಗೆ ಇನ್ನೊಂದು ವಿಷಯ: ಸೂರ್ಯ ಮುಳುಗುವ ಜಾಗವನ್ನೇ ನಂಬಿ ಸ್ಥಳ ಗುರುತಿಸಬೇಡಿ. ಚಂದ್ರನ ದಾರಿ ಕ್ರಾಂತಿವೃತ್ತಕ್ಕೆ ಐದು ಡಿಗ್ರಿ ಓರೆ. 18.6 ವರ್ಷಗಳ ಚಕ್ರದಲ್ಲಿ ಅವನ ಉತ್ತರ ದಕ್ಷಿಣದ ಓಡಾಟ ಹಿಗ್ಗಿ ಕುಗ್ಗುತ್ತದೆ. 2024-25ರಲ್ಲಿ ಅದು ಅತ್ಯಂತ ಹೆಚ್ಚಿತ್ತು.

ಕಡಲಕರೆ

ಉಡುಪಿ ಕಡೆಯವನು. ಕಡಲತೀರ ಎಂದರೆ ದಿಗಂತ ಶುಭ್ರ ಎಂದು ಘಟ್ಟದ ಮೇಲಿನವರ ಕಲ್ಪನೆ. ಮಾರ್ಚ್, ಏಪ್ರಿಲ್‌ನಲ್ಲಿ ಮಲ್ಪೆಯಲ್ಲಿ ನಿಂತರೆ ನೀರಿನ ಮೇಲೆ ನಾಲ್ಕೈದು ಡಿಗ್ರಿಯವರೆಗೆ ಹಾಲಿನಂಥ ಮುಸುಕು. ಎಷ್ಟೋ ಸಲ ಸೂರ್ಯನೇ ನೀರಿಗೆ ತಾಗುವ ಮೊದಲು ಮಾಸಿಹೋಗುತ್ತಾನೆ. ಗುಡುಗು ಸಿಡಿಲಿನ ಮಳೆ ಬಂದು ಹೋದ ಮರುದಿನದ ಸಂಜೆ ಮಾತ್ರ ಬೇರೆ, ಆಗ ಗೆರೆ ಕತ್ತರಿಸಿದಂತೆ ಕಾಣುತ್ತದೆ. ನವೆಂಬರಿನಿಂದ ಜನವರಿಯವರೆಗೆ ನಮಗೂ ಒಳ್ಳೆಯ ಕಾಲವೇ.

ಕಾಪು ದೀಪಸ್ತಂಭದ ಜೊತೆ ಎಳೆಯ ಚಂದ್ರನನ್ನು ಸೇರಿಸಬೇಕೆಂದು ಬರುವವರಿಗೆ ಒಂದು ಮಾತು. 1901ರ ಆ ಸ್ತಂಭ ಸುಮಾರು 27 ಮೀಟರ್ ಎತ್ತರ. ಎರೆಹೊಲದವರ ಲೆಕ್ಕದಂತೆ 3 ಕಿ.ಮೀ. ಹಿಂದೆ ಹೋಗಬೇಕು. ಕಡಲು ಪಶ್ಚಿಮಕ್ಕಿದೆ, ಹಿಂದೆ ಹೋದರೆ ಹೆದ್ದಾರಿ, ಮನೆ, ತೆಂಗು. ಸ್ತಂಭವೇ ಕಾಣುವುದಿಲ್ಲ. ಮರಳಿನ ಮೇಲಿಂದ ಅಗಲ ಲೆನ್ಸಿನಲ್ಲಿ, ಚಂದ್ರ ಚಿಕ್ಕದಾಗಿ, ಬಂಡೆಯ ಮೇಲಿನ ಸ್ತಂಭ ದೊಡ್ಡದಾಗಿ ತೆಗೆದರೇ ಚೆಂದ.

ತಿಥಿವಾರರು 2024ರ ಯುಗಾದಿಯ ಚಂದ್ರನ ಮಾತು ಹೇಳಿದರಲ್ಲ, ಅದೇ ಸಂಜೆ ಕೇರಳದ ಕರಾವಳಿಯಲ್ಲಿ ಚಂದ್ರದರ್ಶನವಾಗಿ ಏಪ್ರಿಲ್ 10ಕ್ಕೆ ಅಲ್ಲಿ ಈದ್. ದಕ್ಷಿಣ ಕನ್ನಡ, ಉಡುಪಿಯಲ್ಲಿ ನಾವೂ ಅಂದೇ ಆಚರಿಸಿದೆವು. ಬೆಂಗಳೂರಿನಲ್ಲಿ 11ಕ್ಕೆ. 2025ರಲ್ಲಿ ಆ ಗೊಂದಲವೇ ಇರಲಿಲ್ಲ. ಯುಗಾದಿಯ ಸಂಜೆ ಕಂಡ ಚಂದ್ರನೇ ರಂಜಾನ್ ಮುಗಿಸಿದ ಚಂದ್ರ, ಮರುದಿನ ಎಲ್ಲೆಡೆ ಈದ್. ನಮ್ಮ ಮನೆಯ ತಾರಸಿಯಲ್ಲಿ ನಾವು, ಪಕ್ಕದ ತಾರಸಿಯಲ್ಲಿ ಅವರು, ಇಬ್ಬರ ಬೆರಳೂ ಒಂದೇ ಕಡೆ.

ಹಂಚಿನಮನೆ

19 ಗಂಟೆಯ ಚಂದ್ರ ಎಂದಿರಿ. ಅದಕ್ಕಿಂತ ಎಳೆಯದನ್ನು ಹಿಡಿಯಬಹುದೇ? ಮಿತಿ ಎಲ್ಲಿದೆ?

ತಿಥಿವಾರ

ಫ್ರಾನ್ಸಿನ ಖಗೋಳಜ್ಞ ಆಂಡ್ರೆ ಡಾಂಜೋನ್ 1930ರ ದಶಕದಲ್ಲಿ ಒಂದು ಮಿತಿ ಗುರುತಿಸಿದರು. ಸೂರ್ಯನಿಂದ ಸುಮಾರು 7 ಡಿಗ್ರಿಗಿಂತ ಹತ್ತಿರವಿದ್ದರೆ ಗೆರೆ ಕಣ್ಣಿಗೆ ಕಾಣುವುದಿಲ್ಲ. ಪಂಚಾಂಗದ ಭಾಷೆಯಲ್ಲಿ ಪಾಡ್ಯದ ಅರ್ಧ ದಾಟಿ ತುಸು ಮುಂದೆ. ಬರಿಗಣ್ಣಿಗೆ 15-16 ಗಂಟೆಯ ಚಂದ್ರ ಕಂಡದ್ದೇ ದಾಖಲೆಯ ಮಾತು.

ಕ್ಯಾಮೆರಾ ಆ ಮಿತಿಯನ್ನು ದಾಟಿದೆ. ಫ್ರಾನ್ಸಿನ ತಿಯರಿ ಲೆಗೊ 2013ರ ಜುಲೈ 8ರಂದು ಅಮಾವಾಸ್ಯೆಯ ನಿಖರ ಕ್ಷಣದಲ್ಲೇ, ಸೂರ್ಯನಿಂದ 4.4 ಡಿಗ್ರಿ ದೂರದಲ್ಲಿದ್ದ ಚಂದ್ರನ ಗೆರೆಯನ್ನು ಹಿಡಿದರು. ವಯಸ್ಸು ಸೊನ್ನೆ. ಅದೂ ಹಗಲಿನಲ್ಲಿ. ನೀಲಿ ಆಕಾಶವನ್ನು ಮಂಕು ಮಾಡಲು ಅವರು ಅವಗೆಂಪು ಫಿಲ್ಟರ್ ಬಳಸಿದ್ದರು, ಬಿಸಿಲು ದೂರದರ್ಶಕದೊಳಗೆ ನುಗ್ಗದಂತೆ ಮುಂದೆ ತಡೆ ಕಟ್ಟಿದ್ದರು.

ಮೂರುಕಾಲು

ಇದನ್ನು ಓದಿ ಯಾರೂ ಹಗಲಲ್ಲಿ ಸೂರ್ಯನ ಪಕ್ಕಕ್ಕೆ ಲೆನ್ಸ್ ತಿರುಗಿಸಬೇಡಿ. ಡಿಎಸ್‌ಎಲ್‌ಆರ್‌ನ ಕಿಂಡಿಯಲ್ಲಿ ಅಥವಾ ಬೈನಾಕ್ಯುಲರ್‌ನಲ್ಲಿ ಸೂರ್ಯ ಕ್ಷಣ ಮಾತ್ರ ಹಾದುಹೋದರೂ ಕಣ್ಣಿಗೆ ಶಾಶ್ವತ ಹಾನಿ. ಸಂಜೆಯಾದರೆ ಸೂರ್ಯ ಪೂರ್ತಿ ಮುಳುಗಿದ ಮೇಲೆ ಶುರುಮಾಡಿ. ಬೆಳಗಿನ ಚಂದ್ರನಾದರೆ ಸೂರ್ಯೋದಯಕ್ಕೆ ಹತ್ತು ನಿಮಿಷ ಮೊದಲೇ ಮುಚ್ಚಳ ಹಾಕಿ. ಈ ಒಂದು ವಿಷಯದಲ್ಲಿ ನಾನು ಚೌಕಾಸಿಗೆ ಸಿದ್ಧನಿಲ್ಲ.

ಅಂದಹಾಗೆ ಬೆಳಗಿನ ಚಂದ್ರನನ್ನು ಯಾಕೆ ಯಾರೂ ಕೇಳುವುದಿಲ್ಲ? ಕೃಷ್ಣಪಕ್ಷದ ಚತುರ್ದಶಿಯ ನಸುಕಿನಲ್ಲಿ ಪೂರ್ವಕ್ಕೆ ಅದೇ ಗೆರೆ, ಧೂಳು ಅಡಗಿದ ಗಾಳಿ, ಬೆಂಗಳೂರಿನಂಥ ಊರಿನಲ್ಲೂ ಅರ್ಧ ದೀಪ ಆರಿರುತ್ತದೆ.

ತಿಥಿವಾರ

ಹಬ್ಬಗಳೇ ಎಬ್ಬಿಸುತ್ತವೆ. ಶಿವರಾತ್ರಿ ಮಾಘ ಬಹುಳ ಚತುರ್ದಶಿ. ಜಾಗರಣೆ ಮಾಡಿದವರು ಮಲಗುವ ಮೊದಲು ಪೂರ್ವಕ್ಕೆ ನೋಡಬೇಕು. 2025ರ ಫೆಬ್ರವರಿ 27ರ ಬೆಳಿಗ್ಗೆ, ಶಿವರಾತ್ರಿ ಕಳೆದ ನಸುಕಿನಲ್ಲಿ, ಅಮಾವಾಸ್ಯೆ ಮುಗಿಯಲು ಸರಿಯಾಗಿ ಒಂದು ದಿನ ಬಾಕಿ ಇತ್ತು. ನರಕ ಚತುರ್ದಶಿಯ ಎಣ್ಣೆಸ್ನಾನಕ್ಕಂತೂ ಪಂಚಾಂಗದಲ್ಲಿ ಚಂದ್ರೋದಯದ ಹೊತ್ತನ್ನೇ ಕೊಟ್ಟಿರುತ್ತಾರೆ. ಆ ಕಾಲದಲ್ಲಿ ನಸುಕಿನ ಕ್ರಾಂತಿವೃತ್ತ ನೆಟ್ಟಗೆ ನಿಂತಿರುತ್ತದೆ, ಮಾರ್ಚ್ ಸಂಜೆಯ ದೋಣಿಯೇ ಅಕ್ಟೋಬರ್ ನವೆಂಬರಿನ ಬೆಳಗಿನಲ್ಲಿ ಮತ್ತೆ ಸಿಗುತ್ತದೆ. ಮೋಡವಿರದಿದ್ದರೆ. ಹಿಂಗಾರು ಮಳೆಯ ಕೃಪೆ ಬೇಕು.

ಜೇಬುಕ್ಯಾಮೆರಾ

ಮೈಗೆ ಎಣ್ಣೆ ಹಚ್ಚಿಕೊಂಡು ತಾರಸಿಗೆ ಹೋಗಬೇಕು ಎಂದಾಯಿತು. ಫೋನ್ ಜಾರದಿದ್ದರೆ ಸಾಕು.

ಎರೆಹೊಲ

ಒಂದು ಸಂದೇಹ. ನಾನು ಚೌತಿಯ ಚಂದ್ರನೂ ಆಗಬಹುದು ಎಂದೆ. ಭಾದ್ರಪದದ ಚೌತಿಯಂದು ತೆಗೆಯಬಹುದೇ? ಮನೆಯಲ್ಲಿ ಅಜ್ಜಿ ಆ ದಿನ ಪಶ್ಚಿಮದ ಕಿಟಕಿಯನ್ನೇ ಮುಚ್ಚಿಸುತ್ತಾರೆ.

ನೇರಮಾತು

ತೆಗೆಯಿರಿ. ಚಂದ್ರ ಅದೇ, ಶೇ 10ರಿಂದ 16ರಷ್ಟು ಬೆಳಗಿದವನು.

ತಿಥಿವಾರ

ನೇರವಾಗಿ ನೋಡಿದರೆ ಅಪವಾದ ಎನ್ನುತ್ತಾರೆ. ಲೈವ್ ವ್ಯೂನಲ್ಲಿ ನೋಡಿದರೆ ಏನು ಎಂಬುದಕ್ಕೆ ಶಾಸ್ತ್ರದಲ್ಲಿ ಉತ್ತರವಿಲ್ಲ. ಅಜ್ಜಿಯ ಸಮಾಧಾನಕ್ಕೆ ಶ್ಯಮಂತಕ ಮಣಿಯ ಕತೆಯನ್ನು ಓದಿಕೊಂಡು ಹೊರಡಿ, ಪರಿಹಾರ ಅದೇ ತಾನೇ?

ಹಂಚಿನಮನೆ

ಹಾಗಾದರೆ ಎರೆಹೊಲದವರು ಆ ಚಿತ್ರ ಇಲ್ಲಿ ಹಾಕುವಾಗ ಮೊದಲು ಕತೆ, ಕೆಳಗೆ ಚಿತ್ರ. ನೋಡಿದ ನಮಗೂ ಪರಿಹಾರ ಬೇಕಲ್ಲ! ನಾನು ಮಾತ್ರ ಈ ಶುಕ್ಲಪಕ್ಷಕ್ಕೆ 85 ಮಿ.ಮೀ. ಲೆನ್ಸ್ ಬಾಡಿಗೆಗೆ ಹುಡುಕುತ್ತಿದ್ದೇನೆ. ತುಮಕೂರಿನಲ್ಲಿ ಸಿಗುತ್ತದೆಯೇ, ಇಲ್ಲ ಬೆಂಗಳೂರಿಗೇ ಹೋಗಬೇಕೇ?

ಮೂರುಕಾಲು

ಬಾಡಿಗೆ ಬೇಡ. 50 ಮಿ.ಮೀ. ಎಫ್/1.8 ಲೆನ್ಸ್ ಹಳೆಯದಾಗಿ ಅಗ್ಗಕ್ಕೆ ಸಿಗುತ್ತದೆ, ಮದುವೆ ಫೋಟೋ ತೆಗೆಯುವ ಸ್ಟುಡಿಯೋಗಳಲ್ಲಿ ವಿಚಾರಿಸಿ. ಕೊಳ್ಳುವ ಮೊದಲು ಲೆನ್ಸಿನೊಳಗೆ ಟಾರ್ಚ್ ಬಿಟ್ಟು ಬೂಷ್ಟು ಇದೆಯೇ ಎಂದು ನೋಡಿಕೊಳ್ಳಿ.